ಹಾಸ್ಟೆಲ್ ಸಿಗದವರಿಗೆ ಕಾಲೇಜಿನ ಸೌಲಭ್ಯಗಳೂ ಇಲ್ಲವೇ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ಮಂಗಳೂರು ನಗರದ ಕಾಲೇಜೊಂದರಲ್ಲಿ ಬಿ.ಕಾಂ. ಮೊದಲ ವರ್ಷಕ್ಕೆ ಸೇರಿದ್ದೇನೆ. ಹಾಸ್ಟೆಲ್‌ನಲ್ಲಿ ಜಾಗ ಸಿಗದೆ ಇಬ್ಬರು ಸಹಪಾಠಿಗಳೊಂದಿಗೆ ಪಿ.ಜಿ.ಯಲ್ಲಿದ್ದೇನೆ. ವಿದ್ಯಾರ್ಥಿವೇತನ, ವೈದ್ಯಕೀಯ ನೆರವು, ಆಪ್ತಸಮಾಲೋಚನೆ ಇವೆಲ್ಲ ಹಾಸ್ಟೆಲ್‌ನವರಿಗೆ ಮಾತ್ರ ಎಂದು ಹಿರಿಯ ವಿದ್ಯಾರ್ಥಿಗಳು ಹೇಳುತ್ತಾರೆ. ನಿಜವೇ? ಕಚೇರಿಯ ಕಿಟಕಿಯಲ್ಲಿ ಕೇಳಿದರೆ ‘ನಾಳೆ ಬಾ’ ಎನ್ನುತ್ತಾರೆ. ಯಾರನ್ನು ಕೇಳಬೇಕು?

ಉತ್ತರ: ನಿಜವಲ್ಲ. ಹಾಸ್ಟೆಲ್‌ನ ಮಂಚ ಮತ್ತು ಊಟ ಹಾಸ್ಟೆಲ್‌ನವರದು. ಉಳಿದದ್ದೆಲ್ಲ ದಾಖಲಾತಿ ಪುಸ್ತಕದಲ್ಲಿ ಹೆಸರಿರುವ ಪ್ರತಿಯೊಬ್ಬರದು, ನಿಮ್ಮದೂ ಹೌದು. ಅನುಮಾನವಿದ್ದರೆ ಶುಲ್ಕದ ರಶೀದಿಯನ್ನು ತೆಗೆದು ಸಾಲು ಸಾಲಾಗಿ ಓದಿ. ಗ್ರಂಥಾಲಯ, ಕ್ರೀಡೆ, ವೈದ್ಯಕೀಯ ತಪಾಸಣೆ, ವಿದ್ಯಾರ್ಥಿ ಕ್ಷೇಮನಿಧಿ ಎಂದು ಒಂದೊಂದಕ್ಕೂ ನೀವು ಹಣ ಕಟ್ಟಿರುತ್ತೀರಿ. ಹಾಸ್ಟೆಲ್‌ನವರು ಕಟ್ಟಿದ್ದೂ ಅಷ್ಟೇ.

ಮಳೆ ಬಿಡುವು ಕೊಡದ ತಿಂಗಳುಗಳಲ್ಲಿ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಕೇಳುವವರಲ್ಲಿ ಬಹಳ ಮಂದಿ ಘಟ್ಟದ ಮೇಲಿನ ಊರುಗಳವರು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ಸೌಲಭ್ಯಗಳ ಕೊರತೆಗಿಂತ ಕೇಳುವ ಸಂಕೋಚದಿಂದ ಇವರು ಕಳೆದುಕೊಳ್ಳುವುದೇ ಹೆಚ್ಚು ಎಂಬುದನ್ನು ವರ್ಷಗಟ್ಟಲೆ ತರಗತಿಯಲ್ಲಿ ನಿಂತು ಕಂಡಿದ್ದೇನೆ. ಹಾಗಾಗಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲು ಯಾವ ಬಾಗಿಲು ಯಾರದು ಎಂಬುದು ತಿಳಿಯಬೇಕು. ಮಂಗಳೂರಿನಲ್ಲಿ ‘ಯೂನಿವರ್ಸಿಟಿ’ ಎಂದರೆ ಒಂದೇ ಆವರಣವಲ್ಲ. 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾನಿಲಯ ಇರುವುದು ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ. ಪಂಪ್‌ವೆಲ್ ದಾಟಿ, ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟು, ದೇರಳಕಟ್ಟೆಯ ಮೇಲೆ ಹೋಗಬೇಕು. 1868ರಿಂದ ನಡೆದುಬಂದ ಹಂಪನಕಟ್ಟೆಯ ಹಳೆಯ ಸರ್ಕಾರಿ ಕಾಲೇಜು 1993ರಲ್ಲಿ ಅದರ ಘಟಕ ಕಾಲೇಜಾಯಿತು. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ 2024ರಿಂದ ತಾನೇ ಪರಿಗಣಿತ ವಿಶ್ವವಿದ್ಯಾನಿಲಯ, ಅಂದರೆ ‘ಡೀಮ್ಡ್ ಯೂನಿವರ್ಸಿಟಿ’. ದೇರಳಕಟ್ಟೆಯ ಎರಡು ಸಂಸ್ಥೆಗಳೂ ಹಾಗೆಯೇ. ಸುರತ್ಕಲ್‌ನ ಎನ್‌.ಐ.ಟಿ.ಕೆ. ಕೇಂದ್ರ ಸರ್ಕಾರದ್ದು.

ಇಷ್ಟನ್ನು ಹೇಳಿದ್ದಕ್ಕೆ ಕಾರಣವಿದೆ. ಪರಿಗಣಿತ ವಿಶ್ವವಿದ್ಯಾನಿಲಯದಲ್ಲಿ ಪಾಠ, ಪರೀಕ್ಷೆ, ಪದವಿ, ದೂರು ಎಲ್ಲವೂ ಒಂದೇ ಛಾವಣಿಯ ಕೆಳಗೆ ಮುಗಿಯುತ್ತವೆ. ನಿಮ್ಮದು ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಸಂಯೋಜಿತವಾದ ಕಾಲೇಜಾಗಿದ್ದರೆ ಪರೀಕ್ಷೆ, ಅಂಕಪಟ್ಟಿ, ಮರುಮೌಲ್ಯಮಾಪನ ಕೊಣಾಜೆಯ ಕೆಲಸ; ಉಳಿದದ್ದು ಕಾಲೇಜಿನ ಹೊಣೆ. ಕಾಲೇಜಿನ ಮೂಲಕವೇ ಕಳುಹಿಸಬಹುದಾದ ಅರ್ಜಿಯನ್ನು ಹಿಡಿದು, ಒಂದು ದಿನದ ಹಾಜರಾತಿ ಕಳೆದುಕೊಂಡು, ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ಕೊಣಾಜೆಗೆ ಹೋಗಿ ಬರಿಗೈಯಲ್ಲಿ ಮರಳಿದವರನ್ನು ಎಷ್ಟೋ ಬಾರಿ ನೋಡಿದ್ದೇನೆ. ಮೊದಲು ಕಾಲೇಜಿನಲ್ಲೇ ಕೇಳಿ.

ಕಾಲೇಜಿನಲ್ಲಿ ಯಾರನ್ನು? ಕಿಟಕಿಯ ಗುಮಾಸ್ತರನ್ನಲ್ಲ. ಪ್ರವೇಶಾತಿಯ ಕಾಲದಲ್ಲಿ ಅವರ ಮುಂದೆ ನೂರು ಕಡತಗಳಿರುತ್ತವೆ. ‘ನಾಳೆ ಬಾ’ ಎಂಬುದು ಹಲವು ಸಲ ಸುಸ್ತಿನ ಮಾತು. ಕರಾವಳಿಯ ಬಹುತೇಕ ಕಾಲೇಜುಗಳಲ್ಲಿ ವಿದ್ಯಾರ್ಥಿ ಕ್ಷೇಮಪಾಲನಾಧಿಕಾರಿ ಎಂಬ ಜವಾಬ್ದಾರಿಯನ್ನು ಒಬ್ಬ ಅಧ್ಯಾಪಕರು ಹೊತ್ತಿರುತ್ತಾರೆ. ನಿಮ್ಮ ತರಗತಿಗೆ ಒಬ್ಬ ಮಾರ್ಗದರ್ಶಕ ಅಧ್ಯಾಪಕರೂ ಇರುತ್ತಾರೆ. ಅವರ ಹೆಸರು ಮತ್ತು ಅವರು ಬಿಡುವಾಗಿರುವ ಅವಧಿ, ಇವೆರಡನ್ನು ಮೊದಲ ತಿಂಗಳಲ್ಲೇ ತಿಳಿದುಕೊಳ್ಳಿ. ಪಾಠ ಮುಗಿದ ಮೇಲೆ ಬಾಗಿಲಲ್ಲಿ ಕಾದು ನಿಂತ ವಿದ್ಯಾರ್ಥಿಯನ್ನು ಗದರಿಸುವ ಅಧ್ಯಾಪಕರು ಕಡಿಮೆ.

ಈಗ ಹಣದ ವಿಷಯ. ಇಲ್ಲಿ ಹಾಸ್ಟೆಲ್ ಸಿಗದವರಿಗೆಂದೇ ಇರುವ ಒಂದು ದಾರಿಯನ್ನು ಯಾರೂ ನಿಮಗೆ ಹೇಳಿದಂತಿಲ್ಲ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ‘ವಿದ್ಯಾಸಿರಿ’ ಯೋಜನೆ ಇರುವುದೇ ಇಲಾಖೆಯ ವಿದ್ಯಾರ್ಥಿನಿಲಯಕ್ಕೆ ಸೇರದೆ ಹೊರಗೆ ಉಳಿದು ಓದುವವರ ಊಟ ಮತ್ತು ವಸತಿಗಾಗಿ. ಯೋಜನೆ ಆರಂಭವಾದಾಗ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆ 15,000 ರೂಪಾಯಿ ನಿಗದಿಯಾಗಿತ್ತು. ನೀವು ಆ ವರ್ಗಗಳಿಗೆ ಸೇರಿದ್ದು, ಕುಟುಂಬದ ಆದಾಯ ಮಿತಿಯೊಳಗಿದ್ದರೆ ಅರ್ಜಿ ಹಾಕಿ. ವಿದ್ಯಾಸಿರಿಗೂ ಶುಲ್ಕ ಮರುಪಾವತಿಗೂ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌.ಎಸ್‌.ಪಿ.ಯಲ್ಲಿಯೇ ಅರ್ಜಿ. ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿಗೆ ಬೇರೆ ಪೋರ್ಟಲ್ ಇದೆ. ಕಾಲೇಜಿನ ಹಾಸ್ಟೆಲ್‌ನಲ್ಲಿ ಜಾಗವಿಲ್ಲ ಎಂದ ಮಾತ್ರಕ್ಕೆ ಸರ್ಕಾರಿ ವಿದ್ಯಾರ್ಥಿನಿಲಯದಲ್ಲೂ ಇಲ್ಲ ಎಂದು ತಿಳಿಯಬೇಡಿ. ಅಲ್ಲಿ ಕೇಳಿದ್ದೀರಾ?

ಅರ್ಜಿ ಹಾಕಿದರೂ ಹಣ ಬಾರದಿರುವುದು ಇನ್ನೊಂದು ಸಂಕಟ, ಮತ್ತು ಇದರ ಕಾರಣಗಳು ಬಹುತೇಕ ಎರಡೇ. ಒಂದು, ಹೆಸರಿನ ವ್ಯತ್ಯಾಸ. ನನ್ನ ಒಬ್ಬ ವಿದ್ಯಾರ್ಥಿಗೆ ಇನಿಶಿಯಲ್ ಆಧಾರ್‌ನಲ್ಲಿ ಹೆಸರಿನ ಮುಂದೆ, ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಹಿಂದೆ ಇತ್ತು. ಅದೊಂದೇ ಅಕ್ಷರಕ್ಕೆ ಇಡೀ ವರ್ಷದ ವಿದ್ಯಾರ್ಥಿವೇತನ ಹೋಯಿತು. ಅವನ ತಂದೆ ಅಡಿಕೆ ತೋಟದಲ್ಲಿ ಕೂಲಿ ಮಾಡುತ್ತಿದ್ದವರು. ಆ ಹಣ ಯಾಕೆ ಬರಲಿಲ್ಲ ಎಂದು ಅವರು ನನ್ನನ್ನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಅರ್ಜಿಯ ಗಡುವಿಗೆ ಮೊದಲು ಆ ಎರಡು ಕಾಗದಗಳನ್ನು ಜೋಡಿಸಿ ನೋಡುವ ಕೆಲಸವನ್ನು ನಾನೂ ಮಾಡಿರಲಿಲ್ಲ. ಅಂದಿನಿಂದ ಪ್ರತಿ ಹೊಸ ತಂಡಕ್ಕೂ ಪಾಠಕ್ಕೆ ಮೊದಲು ಇದನ್ನೇ ಮಾಡಿಸುತ್ತೇನೆ.

ಎರಡನೆಯದು ಬ್ಯಾಂಕ್ ಖಾತೆ. ಆಧಾರ್ ಸಂಖ್ಯೆಯನ್ನು ಪಾಸ್‌ಪುಸ್ತಕಕ್ಕೆ ಸೇರಿಸಿದರೆ ಸಾಲದು. ಸರ್ಕಾರದ ಹಣ ನೇರವಾಗಿ ಬಂದು ಬೀಳುವ ಖಾತೆ ಇದೇ ಎಂದು ಬ್ಯಾಂಕ್ ರಾಷ್ಟ್ರೀಯ ಪಾವತಿ ನಿಗಮದ ವ್ಯವಸ್ಥೆಯಲ್ಲಿ ನಮೂದಿಸಬೇಕು. ಊರಿನಲ್ಲಿ ಎಂದೋ ತೆರೆದು ಮರೆತ ಇನ್ನೊಂದು ಖಾತೆಗೆ ಹಣ ಹೋಗಿ ಕುಳಿತಿರುವುದೂ ಉಂಟು. ಬ್ಯಾಂಕಿನಲ್ಲಿ ‘ಆಧಾರ್ ಸೀಡಿಂಗ್ ಆಗಿದೆಯೇ, ಯಾವ ಖಾತೆಗೆ?’ ಎಂದು ಸ್ಪಷ್ಟವಾಗಿ ಕೇಳಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಪಡೆದಾಗ ಅವುಗಳ ಮೇಲಿರುವ ಆರ್‌.ಡಿ. ಸಂಖ್ಯೆಯನ್ನು ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಅರ್ಜಿಯಲ್ಲಿ ಕೇಳುವುದು ಅದನ್ನೇ.

ಬಸ್ಸಿನ ಬಗ್ಗೆ ನೀವು ಕೇಳಿಲ್ಲ, ಆದರೆ ನಿಮ್ಮ ಜಿಲ್ಲೆಯಿಂದ ಬಂದವರಿಗೆಲ್ಲ ಇಲ್ಲಿ ಒಂದು ಗೊಂದಲ ಇದ್ದೇ ಇರುತ್ತದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸುಗಳಿಗೆ ಮಾತ್ರ. ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಬಹುಪಾಲು ಖಾಸಗಿಯವರದು. ಅಲ್ಲಿ ಟಿಕೆಟ್ ತೆಗೆಯಲೇಬೇಕು. ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸ್ ಇದೆ, ಅದಕ್ಕೆ ಕಾಲೇಜಿನ ಗುರುತಿನ ಚೀಟಿಯೂ ವ್ಯಾಸಂಗ ಪ್ರಮಾಣಪತ್ರವೂ ಬೇಕಾಗುತ್ತದೆ. ಹಬ್ಬಕ್ಕೆ ಊರಿಗೆ ಹೋಗುವಾಗ ಬಿಜೈ ನಿಲ್ದಾಣದಿಂದ ಸಾಮಾನ್ಯ ಅಥವಾ ವೇಗದೂತ ಸರ್ಕಾರಿ ಬಸ್ ಹತ್ತಿದರೆ ಆಧಾರ್ ತೋರಿಸಿ ಉಚಿತವಾಗಿ ಹಾವೇರಿ ತಲುಪಬಹುದು. ಸ್ಲೀಪರ್, ರಾಜಹಂಸಗಳಿಗೆ ಅದು ಅನ್ವಯವಾಗದು. ರಾತ್ರಿ ಒಂಬತ್ತರ ನಂತರ ಸಿಟಿ ಬಸ್ಸುಗಳು ವಿರಳವಾಗುತ್ತವೆ ಎಂಬುದೂ ನೆನಪಿರಲಿ.

ಆರೋಗ್ಯದ ಬಗ್ಗೆ ನಾನು ಗಟ್ಟಿಯಾಗಿ ಹೇಳಬೇಕಾದ ಮಾತೊಂದಿದೆ. ಮಂಗಳೂರಿನ ಮಳೆಗಾಲದ ಜ್ವರವನ್ನು ‘ನೀರು ಬದಲಾದದ್ದಕ್ಕೆ’ ಎಂದು ತಳ್ಳಿಹಾಕಬೇಡಿ. ಈ ನಗರಕ್ಕೆ ಮಲೇರಿಯಾ ಹಳೆಯ ಪರಿಚಯ. ಕಟ್ಟಡ ಕಾಮಗಾರಿಯ ಹೊಂಡ, ತಾರಸಿಯ ತೊಟ್ಟಿ, ಪಿ.ಜಿ.ಯ ಹಿತ್ತಲಿನ ತೆಂಗಿನ ಚಿಪ್ಪು, ಎಲ್ಲಿ ನೀರು ನಿಂತರೂ ಸೊಳ್ಳೆ. ಚಳಿ ನಡುಗಿಸಿ ಜ್ವರ ಬಂದರೆ ಅಂದೇ ರಕ್ತ ಪರೀಕ್ಷೆ ಮಾಡಿಸಿ. ನಗರ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಹಂಪನಕಟ್ಟೆಯ ಬಳಿಯ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಲ್ಲಿ ಮಲೇರಿಯಾ ಪರೀಕ್ಷೆಯೂ ಔಷಧಿಯೂ ಉಚಿತ. ಇಲ್ಲಿ ಸಾಮಾನ್ಯವಾದ ವೈವಾಕ್ಸ್ ಮಲೇರಿಯಾಕ್ಕೆ ಮೂರು ದಿನದ ಕ್ಲೋರೋಕ್ವಿನ್ ಜೊತೆಗೆ 14 ದಿನ ಪ್ರೈಮಾಕ್ವಿನ್ ಕೊಡುತ್ತಾರೆ. ನಾಲ್ಕನೆಯ ದಿನಕ್ಕೆ ಜ್ವರ ಇಳಿಯುತ್ತದೆ, ಹುಡುಗರು ಮಾತ್ರೆ ಬಿಡುತ್ತಾರೆ, ಯಕೃತ್ತಿನಲ್ಲಿ ಅಡಗಿ ಕುಳಿತ ರೋಗಾಣು ತಿಂಗಳುಗಳ ಬಳಿಕ ಸೆಮಿಸ್ಟರ್ ಪರೀಕ್ಷೆಯ ಹೊತ್ತಿಗೆ ಮತ್ತೆ ಎದ್ದು ಬರುತ್ತದೆ. ವೈದ್ಯರು ಹೇಳಿದಷ್ಟೂ ದಿನ ಮಾತ್ರೆ ನುಂಗಿ. ಜ್ವರ ಹಿಡಿದುಕೊಂಡೇ ರಾತ್ರಿ ಬಸ್ಸಿಗೆ ಊರಿಗೆ ಹೋಗಿಬಿಟ್ಟರೆ, ಅಲ್ಲಿನ ವೈದ್ಯರಿಗೆ ಮಂಗಳೂರಿನಿಂದ ಬಂದದ್ದೆಂದು ಮೊದಲೇ ಹೇಳಿ. ಮರಳಿ ಬಂದ ದಿನವೇ ವೈದ್ಯಕೀಯ ಪ್ರಮಾಣಪತ್ರವನ್ನು ಕಾಲೇಜಿಗೆ ಕೊಡಿ. ಹಾಜರಾತಿ 75 ಶೇಕಡಕ್ಕಿಂತ ಕೆಳಗಿಳಿದ ಮೇಲೆ ತಂದುಕೊಟ್ಟ ಕಾಗದಕ್ಕೆ ತೂಕ ಕಡಿಮೆ.

ಮನಸ್ಸಿನ ಬೇನೆಗೂ ಇದೇ ಮಾತು. ಕುಚ್ಚಲಕ್ಕಿ ಅನ್ನ ಗಂಟಲಿಗಿಳಿಯದೆ, ಸುತ್ತಲಿನ ತುಳು ಮಾತು ಅರ್ಥವಾಗದೆ, ರಾತ್ರಿ ಮಳೆಯ ಸದ್ದಿನಲ್ಲಿ ಊರು ನೆನೆದು ಅತ್ತವರು ನೀವೊಬ್ಬರೇ ಅಲ್ಲ. ಕಾಲೇಜಿನ ಆಪ್ತಸಮಾಲೋಚಕರ ಬಳಿ ಹೋಗಲು ಹಾಸ್ಟೆಲ್ ವಾರ್ಡನ್ ಚೀಟಿ ಬೇಕಾಗಿಲ್ಲ. ಅಲ್ಲಿಗೆ ಹೋಗುವುದನ್ನು ಯಾರಾದರೂ ನೋಡಿಯಾರು ಎಂಬ ಅಳುಕಿದ್ದರೆ 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲಿ ಮಾತನಾಡುತ್ತಾರೆ, ಹಗಲು ರಾತ್ರಿ ಸಿಗುತ್ತಾರೆ.

ಪಿ.ಜಿ.ಯಲ್ಲಿರುವವರಿಗೆ ರ‍್ಯಾಗಿಂಗ್ ನಿಯಮ ಅನ್ವಯವಾಗುವುದಿಲ್ಲ ಎಂಬ ಮಾತನ್ನೂ ನಂಬಬೇಡಿ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2009ರ ನಿಯಮಗಳು ಆವರಣದ ಹೊರಗಿನ ವಸತಿಗೂ, ವಿದ್ಯಾರ್ಥಿಗಳು ಓಡಾಡುವ ಬಸ್ಸಿಗೂ ಅನ್ವಯವಾಗುತ್ತವೆ. ಸಹಾಯವಾಣಿ 1800-180-5522.

‘ನಾಳೆ ಬಾ’ ಮುಗಿಯದಿದ್ದರೆ ಏನು ಮಾಡಬೇಕು? ಬಾಯಿಮಾತು ಬಿಟ್ಟು ಕಾಗದಕ್ಕೆ ಬನ್ನಿ. ಬಿಳಿ ಹಾಳೆಯಲ್ಲಿ ಪ್ರಾಂಶುಪಾಲರಿಗೆ ಅರ್ಜಿ: ಹೆಸರು, ತರಗತಿ, ನೋಂದಣಿ ಸಂಖ್ಯೆ, ಏನು ಬೇಕು, ಈ ಮೊದಲು ಯಾವ ದಿನಾಂಕಗಳಲ್ಲಿ ಕೇಳಿದ್ದೀರಿ. ಐದಾರು ಸಾಲು ಸಾಕು, ಕನ್ನಡದಲ್ಲೇ ಬರೆಯಿರಿ. ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಇದು ಜಗಳವಲ್ಲ, ಕಚೇರಿಯ ರೀತಿ. ಮುದ್ರೆ ಬಿದ್ದ ಕಾಗದಕ್ಕೆ ಕಚೇರಿ ಉತ್ತರ ಕೊಡಲೇಬೇಕಾಗುತ್ತದೆ. ಕಿಟಕಿಯಲ್ಲಿ ಆಡಿದ ಮಾತು ಸಂಜೆಯ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಅದಕ್ಕೂ ಉತ್ತರ ಬಾರದಿದ್ದರೆ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇದೆ. ಆಯೋಗದ 2023ರ ನಿಯಮಗಳ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ಅದು ಇರಬೇಕು, ಅದರಲ್ಲಿ ಮಹಿಳೆಯೊಬ್ಬರು ಇರಬೇಕು, ವಿದ್ಯಾರ್ಥಿ ಪ್ರತಿನಿಧಿಯೂ ಇರಬೇಕು. ದೂರು ತಲುಪಿದ 15 ಕೆಲಸದ ದಿನಗಳಲ್ಲಿ ಸಮಿತಿ ವರದಿ ಕೊಡಬೇಕು. ಅದರ ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ವಿಶ್ವವಿದ್ಯಾನಿಲಯದ ಒಂಬುಡ್ಸ್‌ಪರ್ಸನ್‌ಗೆ, ಅಂದರೆ ಇಂಥ ದೂರುಗಳ ಮೇಲ್ಮನವಿ ಕೇಳಲು ನೇಮಕವಾದವರಿಗೆ, ಮೇಲ್ಮನವಿ ಹೋಗಬಹುದು. ಕಾಲೇಜು ಬಿಡುವ ಸಂದರ್ಭ ಬಂದರೆ ಮೂಲ ಅಂಕಪಟ್ಟಿಯನ್ನು ಒತ್ತೆಯಂತೆ ಇಟ್ಟುಕೊಳ್ಳುವುದಕ್ಕೂ ಆಯೋಗದ ನಿಷೇಧವಿದೆ. ನೋಡಿದ ಬಳಿಕ ಮೂಲಪ್ರತಿ ನಿಮ್ಮ ಕೈಗೆ ಮರಳಬೇಕು.

ಸೋಮವಾರದ ಕೆಲಸ ಇಷ್ಟು. ಆಧಾರ್, ಹತ್ತನೆಯ ತರಗತಿಯ ಅಂಕಪಟ್ಟಿ, ಪಾಸ್‌ಪುಸ್ತಕ, ಆದಾಯ ಪ್ರಮಾಣಪತ್ರ, ಈ ನಾಲ್ಕರ ನಕಲು ಮಾಡಿಸಿ. ನಾಲ್ಕರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಹೊಂದುತ್ತದೆಯೇ ನೋಡಿ. ಮೊದಲು ಬ್ಯಾಂಕಿಗೆ ಹೋಗಿ, ಆಮೇಲೆ ನಿಮ್ಮ ಮಾರ್ಗದರ್ಶಕ ಅಧ್ಯಾಪಕರ ಬಳಿಗೆ. ಪಿ.ಜಿ.ಯ ಆ ಇಬ್ಬರು ಗೆಳತಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವರಿಗೂ ಇದನ್ನು ಯಾರೂ ಹೇಳಿರಲಾರರು.