ಯೇಸು ಎದ್ದು ಬಂದಿದ್ದಕ್ಕೆ ಪ್ರೂಫ್ ಏನು ಅಂತ ಫ್ರೆಂಡ್ ಕೇಳಿದ್ರೆ ಏನ್ ಹೇಳ್ಬೇಕು?

ಪ್ರಶ್ನೆ: ಅಣ್ಣಾ, ನಾನು ಬೆಂಗಳೂರಲ್ಲಿ ಪಿಜಿಲಿ ಇದೀನಿ, ರೂಮ್‌ಮೇಟ್ ದೇವರನ್ನ ನಂಬಲ್ಲ. ಯೇಸು ಸತ್ತು ಎದ್ದ ಅನ್ನೋದಕ್ಕೆ ಪ್ರೂಫ್ ಕೊಡು ಅಂತಾನೆ. ನಾನು ಏನೋ ಹೇಳೋಕೆ ಹೋದ್ರೆ ಮೊಬೈಲಲ್ಲಿ ಬೈಬಲಿನ ಹಳೇ ಒಡಂಬಡಿಕೆ ತೆಗೆದು, ಮಕ್ಕಳನ್ನೂ ಕೊಲ್ಲಿ ಅಂದ ದೇವರು ಹೆಂಗೆ ಒಳ್ಳೆಯವನಾಗ್ತಾನೆ ಅಂತಾನೆ. ಪ್ರತಿ ಸಲ ನಾನೇ ಬಾಯಿ ಮುಚ್ಕೊಂಡು ಕೂರ್ಬೇಕಾಗುತ್ತೆ. ಸರಿಯಾದ ಉತ್ತರ ಹೇಳಿಕೊಡಿ.

ತಮ್ಮಾ, ಯೂತ್ ಮೀಟಿಂಗ್ ಮುಗಿದ ಮೇಲೆ ಬೈಕ್ ಹತ್ರ ನಿಂತು ಮೆಲ್ಲಗೆ ಕೇಳೋ ಹುಡುಗ್ರು ಹುಡುಗೀರು ಎಲ್ಲಾ ಇದನ್ನೇ ಕೇಳ್ತಾರೆ, ಮೀಟಿಂಗ್ ಒಳಗೆ ಮಾತ್ರ ಯಾರೂ ಕೇಳಲ್ಲ. ನಿನ್ನ ರೂಮ್‌ಮೇಟ್ ಕೇಳ್ತಿರೋದು ಎರಡು ಪ್ರಶ್ನೆ. ಇದು ನಡೀತಾ ಅನ್ನೋದು ಒಂದು, ಇದು ಸರೀನಾ ಅನ್ನೋದು ಇನ್ನೊಂದು. ನಾವು ಏನ್ ಮಾಡ್ತೀವಿ ಅಂದ್ರೆ ಅವನು ಎರಡನೇದು ಕೇಳ್ದಾಗ ಓಡಿಹೋಗಿ ಮೊದಲನೇದಕ್ಕೆ ಉತ್ತರ ಕೊಡ್ತೀವಿ. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದೀನಿ.

ಮೊದಲು ಕೆಲವು ವಾದ ಬಿಟ್ಟುಬಿಡು. ಇಸ್ರಾಯೇಲ್ಯರ ನಾಯಕ ಯೆಹೋಶುವನ ಕಾಲದಲ್ಲಿ ಸೂರ್ಯ ನಿಂತ ಅಂತ ಬೈಬಲಲ್ಲಿ ಇರೋ ಆ ದಿನವನ್ನ ನಾಸಾದವ್ರು ಕಂಪ್ಯೂಟರಲ್ಲಿ ಕಂಡುಹಿಡಿದ್ರು ಅಂತ ವಾಟ್ಸಾಪಲ್ಲಿ ಬರುತ್ತಲ್ಲ, ಅದು ಶುದ್ಧ ಸುಳ್ಳು, ನಾಸಾ ಅಂಥದ್ದೇನೂ ಮಾಡಿಲ್ಲ, ಅದನ್ನ ಒಂದೇ ಒಂದು ಸಲ ನೀನು ಹೇಳಿದ್ರೂ ಆಮೇಲೆ ನೀನು ಹೇಳೋ ನಿಜಾನೂ ಅವನು ನಂಬಲ್ಲ. ಇನ್ನೊಂದು, ಶಿಷ್ಯರೆಲ್ಲಾ ಪ್ರಾಣ ಕೊಟ್ರು, ಸುಳ್ಳಿಗೋಸ್ಕರ ಯಾರ್ ಸಾಯ್ತಾರೆ ಅನ್ನೋದು. ಜೆಬೆದಾಯನ ಮಗ ಯಾಕೋಬನ ಸಾವು ಅಪೊಸ್ತಲರ ಕೃತ್ಯಗಳು 12ರಲ್ಲಿ ಇದೆ, ಪೇತ್ರ ಮತ್ತು ಪೌಲರ ಬಗ್ಗೆ ಒಳ್ಳೆ ಹಳೇ ಸಾಕ್ಷಿ ಇದೆ, ಆದ್ರೆ ಉಳಿದವ್ರಲ್ಲಿ ಬಹಳಷ್ಟು ಜನರ ಕತೆ ಬರೋದು ತುಂಬಾ ತಡವಾಗಿ. ಶಿಷ್ಯ ತೋಮ ನಮ್ಮ ಚೆನ್ನೈನ ಮೈಲಾಪುರದಲ್ಲಿ ಪ್ರಾಣ ಕೊಟ್ಟ ಅನ್ನೋ ಕತೆ ನಮಗೆಲ್ಲಾ ಪ್ರೀತಿ, ಆದ್ರೂ ಅವನ ಸಾವಿನ ಬಗ್ಗೆ ನಮಗೆ ಸಿಗೋ ಹಳೇ ಬರಹ 3ನೇ ಶತಮಾನದ್ದು. ಅದೂ ಅಲ್ದೆ ಪ್ರಾಣ ಕೊಟ್ಟ ಅಂದ್ರೆ ಅವನು ಮನಸಾರೆ ನಂಬಿದ್ದ ಅಂತ ಅರ್ಥ, ನಂಬಿದ್ದು ನಿಜ ಅಂತ ಅಲ್ಲ. ಎಲ್ಲಾ ಧರ್ಮದಲ್ಲೂ ಪ್ರಾಣ ಕೊಟ್ಟವ್ರು ಇದಾರೆ.

ಈಗ ಇರೋ ಪುರಾವೆಗೆ ಬರೋಣ. ಯೇಸು ಅನ್ನೋ ಮನುಷ್ಯನೇ ಇರ್ಲಿಲ್ಲ ಅಂತ ಅವನು ಅಂದ್ರೆ ಅಲ್ಲಿ ನೀನು ಹೆದರೋದೇ ಬೇಡ. ಸುಮಾರು 116ರಲ್ಲಿ ರೋಮಿನ ಇತಿಹಾಸಕಾರ ಟ್ಯಾಸಿಟಸ್, ಕ್ರೈಸ್ತರನ್ನ ಕಂಡ್ರೆ ಆಗದವನು, ತಿಬೇರಿಯ ಚಕ್ರವರ್ತಿ ಕಾಲದಲ್ಲಿ ರೋಮಿನ ಅಧಿಪತಿ ಪಿಲಾತನಿಂದ ಕ್ರಿಸ್ತನಿಗೆ ಮರಣದಂಡನೆ ಆಯ್ತು ಅಂತ ಬರೀತಾನೆ. ಯೆಹೂದ್ಯ ಇತಿಹಾಸಕಾರ ಜೋಸೆಫಸ್ 93-94ರ ಹೊತ್ತಿಗೆ 'ಕ್ರಿಸ್ತ ಅನ್ನಿಸಿಕೊಂಡ ಯೇಸುವಿನ ತಮ್ಮ ಯಾಕೋಬ' ಅಂತ ಹೇಳ್ತಾನೆ. ಅದೇ ಜೋಸೆಫಸ್‌ದು ಇನ್ನೊಂದು ದೊಡ್ಡ ಪ್ಯಾರಾ ಇದೆ, ಯೇಸುವೇ ಮೆಸ್ಸೀಯ, ಅಂದ್ರೆ ಯೆಹೂದ್ಯರು ಕಾಯ್ತಿದ್ದ ರಕ್ಷಕ, ಅಂತ ಹೊಗಳೋದು, ಅದರಲ್ಲಿ ಕೆಲವು ಸಾಲನ್ನ ಆಮೇಲೆ ಕ್ರೈಸ್ತರೇ ಸೇರಿಸಿದ್ದು ಅಂತ ಬಹುತೇಕ ಪಂಡಿತರು ಹೇಳ್ತಾರೆ. ಅದನ್ನ ಅವನು ಹೇಳೋಕೆ ಮುಂಚೆ ನೀನೇ ಹೇಳಿಬಿಡು. ಪಿಲಾತನ ಹೆಸರು ಕೆತ್ತಿದ ಕಲ್ಲು 1961ರಲ್ಲಿ ಕೈಸರೈಯದಲ್ಲಿ ಸಿಕ್ತು. ದೇವರನ್ನ ನಂಬದ ಇತಿಹಾಸಕಾರರೂ ಯೇಸು ಇದ್ದ, ಶಿಲುಬೆಗೆ ಏರಿಸಿದ್ರು ಅನ್ನೋದನ್ನ ಒಪ್ಪುತ್ತಾರೆ.

ಇಲ್ಲಿಂದ ಮುಂದಕ್ಕೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಯೇಸುವಿನ ಬದುಕು ಹೇಳೋ ನಾಲ್ಕು ಸುವಾರ್ತೆಗಳಲ್ಲ, ಮೊದಲ ಕಾಲದ ಬೋಧಕ ಪೌಲ ಬರೆದ ಪತ್ರ. 1 ಕೊರಿಂಥ 15 ತೆಗಿ. ಈ ಪತ್ರ ಬರೆದಿದ್ದು ಸುಮಾರು 54ರ ಆಸುಪಾಸು, ಅಂದ್ರೆ ಶಿಲುಬೆ ಆಗಿ ಇಪ್ಪತ್ತು ಚಿಲ್ಲರೆ ವರ್ಷ, ಮಾರ್ಕನ ಸುವಾರ್ತೆಗಿಂತ ಮುಂಚೆ. ಅದರಲ್ಲಿ ಪೌಲ ನನಗೆ ಏನ್ ಸಿಕ್ತೋ ಅದನ್ನೇ ನಿಮಗೆ ಒಪ್ಪಿಸಿದೀನಿ ಅಂತ ಶುರು ಮಾಡಿ, ಸತ್ತ, ಹೂಣಿಟ್ರು, ಮೂರನೇ ದಿನ ಎದ್ದ, ಕೇಫನಿಗೆ, ಅಂದ್ರೆ ಪೇತ್ರನಿಗೆ, ಕಾಣಿಸಿದ, ಹನ್ನೆರಡು ಜನಕ್ಕೆ ಕಾಣಿಸಿದ, ಆಮೇಲೆ ಐನೂರಕ್ಕೂ ಹೆಚ್ಚು ಜನಕ್ಕೆ, ಯಾಕೋಬನಿಗೆ, ಕೊನೆಗೆ ನನಗೂ ಕಾಣಿಸಿದ ಅಂತ ಒಂದೊಂದೇ ಹೇಳ್ತಾ ಹೋಗ್ತಾನೆ, ಜೋರಾಗಿ ಓದಿ ನೋಡು, ಬಾಯಿಪಾಠ ಮಾಡ್ಸಿದ ಮಾತಿನ ಲಯ ಕಿವಿಗೇ ಗೊತ್ತಾಗುತ್ತೆ. ಸಿಕ್ಕಿದ್ದು ಯಾರಿಂದ? ಗಲಾತ್ಯ 1ರಲ್ಲಿ ಹೇಳ್ತಾನೆ, ಯೆರೂಸಲೇಮಿಗೆ ಹೋಗಿ ಕೇಫನ ಜೊತೆ ಹದಿನೈದು ದಿನ ಇದ್ದೆ, ಕರ್ತನ ತಮ್ಮ ಯಾಕೋಬನನ್ನೂ ನೋಡಿದೆ ಅಂತ. ಅಂದ್ರೆ ನೂರು ವರ್ಷ ಆದ್ಮೇಲೆ ಬೆಳೆದ ದಂತಕತೆ ಅಲ್ಲ ಇದು, ನಾವು ಕಂಡ್ವಿ ಅಂತ ಹೇಳ್ತಿದ್ದವರ ಮನೇಲಿ ಉಳ್ಕೊಂಡು ಬಂದ ಮನುಷ್ಯನ ಕಾಗದ.

ನಿನ್ನ ಫ್ರೆಂಡ್ ಬುದ್ಧಿವಂತನಾದ್ರೆ ಇಲ್ಲಿ ಒಂದು ಪ್ರಶ್ನೆ ಹಾಕ್ತಾನೆ, ನನ್ನ ಗೆಳೆಯ ನನಗೆ ಹಾಕಿದ್ದು. 1995ರ ಸೆಪ್ಟೆಂಬರ್ 21ಕ್ಕೆ ದೇಶ ಪೂರ್ತಿ ಗಣಪತಿ ಹಾಲು ಕುಡಿದ ಅಂತ ಜನ ಸಾಲುಗಟ್ಟಿ ನಿಂತಿದ್ರು, ಕಣ್ಣಾರೆ ನೋಡಿದೀವಿ ಅನ್ನೋವ್ರು ಇವತ್ತೂ ನಿನ್ನ ಬೀದೀಲೇ ಇದಾರೆ, ಅದನ್ನ ನೀನು ಹಾಲು ಮೇಲ್ಮೈ ಎಳೆತಕ್ಕೆ ಕಲ್ಲಿನ ಮೇಲೆ ಹರೀತು ಅಂತ ವಿಜ್ಞಾನಿಗಳು ಹೇಳಿದಂಗೆ ವಿವರಿಸ್ತೀಯ, ಎರಡು ಸಾವಿರ ವರ್ಷದ ಹಿಂದೆ ಐನೂರು ಜನ ನೋಡಿದ್ರು ಅಂದ್ರೆ ಮಾತ್ರ ನಂಬು ಅಂತೀಯ, ಯಾಕೆ? ಅವತ್ತು ನನ್ನ ಹತ್ರ ಉತ್ತರ ಇರ್ಲಿಲ್ಲ. ಈಗ ಏನ್ ಹೇಳ್ತೀನಿ ಅಂದ್ರೆ, ಅಳತೆಗೋಲು ಒಂದೇ ಇರ್ಬೇಕು, ನೀನು ಹೇಳಿದ್ದು ಸರಿ. ತಲೆ ಎಣಿಸಿ ಪವಾಡ ಸಾಬೀತಾಗಲ್ಲ, ಆ ಐನೂರು ಜನರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ, ಅದರ ಮೇಲೆ ನಾನು ಭಾರ ಹಾಕಲ್ಲ. ನಾನು ಭಾರ ಹಾಕೋದು ನಂಬೋಕೆ ಮನಸ್ಸೇ ಇರದಿದ್ದ ಇಬ್ಬರ ಮೇಲೆ. ಪೌಲ ಈ ಜನರನ್ನ ಹಿಡಿದು ಹಿಂಸೆ ಮಾಡ್ತಿದ್ದವನು. ಇನ್ನು ಯೇಸುವಿನ ತಮ್ಮ ಯಾಕೋಬ, ಯೇಸು ಬದುಕಿದ್ದಾಗ ತಮ್ಮಂದಿರು ನಂಬಿರ್ಲಿಲ್ಲ ಅಂತ ಯೋಹಾನನೇ ಬರೀತಾನೆ. ಮರಕ್ಕೆ ತೂಗುಹಾಕಿದವನು ಶಾಪಗ್ರಸ್ತ ಅಂತ ಧರ್ಮೋಪದೇಶಕಾಂಡ 21 ಹೇಳುತ್ತೆ, ಅದನ್ನ ಕೇಳ್ಕೊಂಡು ಬೆಳೆದವರಿಗೆ ಶಿಲುಬೆಗೆ ಹಾಕಿಸ್ಕೊಂಡ ಮೆಸ್ಸೀಯ ಅನ್ನೋದು ಬಾಯಲ್ಲಿ ಹೇಳೋಕೂ ಆಗದ ಮಾತು. ಇಂಥವರು ತಿರುಗಿದ್ರು. ಯಾಕೆ ತಿರುಗಿದ್ರು ಅನ್ನೋದಕ್ಕೆ ದುಃಖದಲ್ಲಿ ಕಂಡ ದರ್ಶನ, ತಪ್ಪಿತಸ್ಥ ಮನಸ್ಸು ಅಂತ ಬೇರೆ ವಿವರಣೆಗಳೂ ಇವೆ, ಅವು ಪೆದ್ದು ವಿವರಣೆಗಳಲ್ಲ. ದೇವರು ಇಲ್ಲ ಅಂತ ಮೊದಲೇ ಗಟ್ಟಿಯಾಗಿ ಅನ್ಸಿದವನಿಗೆ ಅವೇ ಸರಿ ಕಾಣುತ್ತೆ, ದೇವರು ಇರಬಹುದು ಅನ್ನೋನಿಗೆ ನಮ್ಮದು ಸರಿ ಕಾಣುತ್ತೆ. ಇತಿಹಾಸ ನಮ್ಮನ್ನ ಇಷ್ಟು ದೂರ ಕರ್ಕೊಂಡು ಬರುತ್ತೆ. ಪ್ರೂಫ್ ಅನ್ನೋ ಪದ ನಾನು ಬಿಟ್ಟು ಬಹಳ ವರ್ಷ ಆಯ್ತು, ನಂಬೋಕೆ ನನಗೆ ಕಾರಣ ಇದೆ ಅಂತೀನಿ.

ಸುವಾರ್ತೆಗಳಲ್ಲಿ ಒಂದಕ್ಕೊಂದು ಕೂಡದ ಜಾಗ ಇದಾವೆ, ಅದನ್ನೂ ಮುಚ್ಚಿಡ್ಬೇಡ. ಸಮಾಧಿ ಹತ್ರ ಹೋದ ಹೆಂಗಸರು ಎಷ್ಟು ಜನ, ಇದ್ದ ದೂತ ಒಬ್ಬನಾ ಇಬ್ಬರಾ, ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಮಾರ್ಕ 16ರ 9ರಿಂದ 20ನೇ ವಚನ 4ನೇ ಶತಮಾನದ ಎರಡು ದೊಡ್ಡ ಹಸ್ತಪ್ರತಿಗಳಲ್ಲಿ ಇಲ್ಲವೇ ಇಲ್ಲ. ಅಲ್ಲಿ ಪುಸ್ತಕ 8ನೇ ವಚನಕ್ಕೇ ನಿಂತುಹೋಗುತ್ತೆ, ಹೆಂಗಸರು ನಡುಗ್ತಾ ಓಡಿಹೋದ್ರು, ಹೆದರಿದ್ರಿಂದ ಯಾರಿಗೂ ಏನೂ ಹೇಳ್ಲಿಲ್ಲ ಅಂತ. ನನಗೆ ಆ ಮುಕ್ತಾಯ ತುಂಬಾ ಇಷ್ಟ, ಈಸ್ಟರ್ ದಿನ ಬೆಳಗ್ಗೆ ನಾನು ಅಲ್ಲೀತನಕ ಓದಿ ಪುಸ್ತಕ ಮುಚ್ಚಿಡ್ತೀನಿ.

ಇನ್ನು ಎರಡನೇ ಪ್ರಶ್ನೆ. ಒಂದು ಸಂಜೆ ಆ ಗೆಳೆಯನ ಮನೇಲಿ ಚಾಪೆ ಮೇಲೆ ಕೂತಿದ್ವಿ, ಅವನ ಎಂಟು ತಿಂಗಳ ಮಗಳು ನಮ್ಮಿಬ್ಬರ ಮಧ್ಯೆ ಮಲಗಿತ್ತು, ಫ್ಯಾನ್ ಗಾಳಿ ಜಾಸ್ತಿ ಆಯ್ತು ಅಂತ ಅವನ ಹೆಂಡ್ತಿ ಬಂದು ಟವೆಲ್ ಹೊದಿಸಿ ಹೋದ್ರು. ಅವನು 1 ಸಮುವೇಲ 15 ತೆಗೆದು ಮೂರನೇ ವಚನದ ಮೇಲೆ ಬೆರಳಿಟ್ಟ. ಶತ್ರು ಜನಾಂಗವಾದ ಅಮಾಲೇಕ್ಯರಲ್ಲಿ ಗಂಡಸರು ಹೆಂಗಸರು ಮಕ್ಕಳು ಮೊಲೆಕೂಸು ಯಾರನ್ನೂ ಉಳಿಸ್ಬೇಡ ಅಂತ ಇಸ್ರಾಯೇಲಿನ ರಾಜ ಸೌಲನಿಗೆ ದೇವರಿಂದ ಬಂದ ಅಪ್ಪಣೆ. ನಾನು ಬೈಬಲ್ ಕ್ಲಾಸಲ್ಲಿ ಕಲಿತಿದ್ದನ್ನ ಹೇಳಿದೆ, ಜೀವ ಕೊಟ್ಟ ದೇವರಿಗೆ ತೆಗೆಯೋ ಹಕ್ಕೂ ಇದೆ ಅಂತ. ಅವನು ಜೋರು ಮಾಡ್ಲಿಲ್ಲ. ಕತ್ತಿ ನಿನ್ನ ಕೈಗೆ ಕೊಟ್ಟು ಹೇಳಿದ್ರೆ ಮಾಡ್ತೀಯಾ ಅಂದ. ನನ್ನ ಕಣ್ಣು ತಾನಾಗೇ ಮಗು ಕಡೆ ಹೋಯ್ತು. ಮಾಡಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ, ಮಾಡ್ತೀನಿ ಅನ್ನೋಕೂ ಬರ್ಲಿಲ್ಲ. ಸುಮ್ನೆ ಎದ್ದು ಬಂದೆ, ಆ ರಾತ್ರಿ ನಿದ್ದೆ ಹತ್ಲಿಲ್ಲ.

ಆಮೇಲೆ ಓದಿದೆ. ಆ ಕಾಲದ ಯುದ್ಧದ ಮಾತೇ ಹಂಗಿತ್ತು ಅಂತ ಒಂದು ವಾದ ಇದೆ, ಅದಕ್ಕೆ ಆಧಾರವೂ ಇದೆ. 1868ರಲ್ಲಿ ಸಿಕ್ಕ ಮೋವಾಬಿನ ರಾಜ ಮೇಷನ ಶಾಸನದಲ್ಲಿ ಇಸ್ರಾಯೇಲು ಶಾಶ್ವತವಾಗಿ ನಾಶ ಆಯ್ತು ಅಂತ ಕೆತ್ತಿಸಿದಾನೆ, ಆಗಿರ್ಲಿಲ್ಲ. ಸಮುವೇಲನ ಪುಸ್ತಕದಲ್ಲೇ ಸೌಲ ನಾಶ ಮಾಡಿದ ಅಮಾಲೇಕ್ಯರು 30ನೇ ಅಧ್ಯಾಯದಲ್ಲಿ ಮತ್ತೆ ಬಂದು ದಾವೀದ ಆಗ ವಾಸವಿದ್ದ ಊರಿಗೆ ಬೆಂಕಿ ಇಡ್ತಾರೆ. ಯೆಹೋಶುವ ಗೋಡೆ ಬೀಳಿಸಿ ಊರವರನ್ನ ಕೊಂದ ಅಂತ ಬರೆದಿರೋ ಯೆರಿಕೋವಿನಲ್ಲಿ 1950ರ ದಶಕದಲ್ಲಿ ಅಗೆದ ಪುರಾತತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್‌ಗೆ ಯೆಹೋಶುವನ ಕಾಲ ಅಂತ ಹೇಳೋ ಹೊತ್ತಿನ ಕೋಟೆಗೋಡೆ ಸಿಗ್ಲಿಲ್ಲ. ಹಾಗಾಗಿ ಬರೆದಷ್ಟು ಕೊಲೆ ನಡೆದಿರ್ಲಿಕ್ಕಿಲ್ಲ. ಸರಿ, ಆದ್ರೆ ನಡೀದಿದ್ರೂ ದೇವರು ಹಂಗೆ ಹೇಳಿದ ಅಂತ ಬರೆದಿದ್ಯಲ್ಲ, ಗೆಳೆಯ ಕೇಳಿದ್ದು ಅದನ್ನ. ಅದಕ್ಕೆ ಈ ಯಾವ ಶಾಸನವೂ ಉತ್ತರ ಅಲ್ಲ.

ಅದಕ್ಕೇ ತಮ್ಮಾ, ಮೊಲೆಕೂಸಿನ ಕೊಲೆಯನ್ನ ಸಮರ್ಥಿಸೋಕೆ ಯಾವತ್ತೂ ಹೋಗ್ಬೇಡ. ನಿನ್ನ ಫ್ರೆಂಡಿಗೆ ಅದನ್ನ ಓದಿ ಹೊಟ್ಟೆ ತೊಳಸಿದಂಗೆ ಆದ್ರೆ ಅದು ಅವನ ಅಹಂಕಾರ ಅಲ್ಲ, ಒಳ್ಳೇ ಮನಸ್ಸು. ದೇವರಿಲ್ಲದೆ ನಿನಗೆ ನೀತಿ ಎಲ್ಲಿಂದ ಬಂತು ಅಂತ ತಿರುಗಿ ಕುಟುಕ್ತಾರಲ್ಲ ನಮ್ಮವ್ರು, ಅದು ತತ್ವಶಾಸ್ತ್ರದಲ್ಲಿ ದೊಡ್ಡ ಪ್ರಶ್ನೆನೇ ಇರಬಹುದು, ಆದ್ರೆ ಮಗುವಿಗೋಸ್ಕರ ಮಾತಾಡ್ತಿರೋನ ಮುಂದೆ ಹೇಳೋ ಮಾತಲ್ಲ. ನಮ್ಮ ಲೆಕ್ಕವೂ ಚೊಕ್ಕ ಇಲ್ಲ. ಅಮೆರಿಕದ ದಕ್ಷಿಣದ ಬ್ಯಾಪ್ಟಿಸ್ಟರು 1845ರಲ್ಲಿ ಬೇರೆಯಾಗಿದ್ದೇ ಗುಲಾಮಗಿರಿ ವಿಷಯಕ್ಕೆ, ಬೈಬಲ್ ವಚನ ಹಿಡ್ಕೊಂಡೇ ವಾದ ಮಾಡಿದ್ರು, ಕ್ಷಮೆ ಕೇಳಿದ್ದು 1995ರಲ್ಲಿ. ಗೋವಾದಲ್ಲಿ 1560ರಿಂದ 1812ರವರೆಗೆ, ನಡುವೆ ಒಂದಷ್ಟು ವರ್ಷ ಬಿಟ್ರೆ, ಇನ್‌ಕ್ವಿಸಿಷನ್, ಅಂದ್ರೆ ನಂಬಿಕೆ ತಪ್ಪಿದವರನ್ನ ಹಿಡಿದು ಶಿಕ್ಷಿಸೋ ಚರ್ಚಿನ ವಿಚಾರಣೆ, ನಡೀತು, ಮಂಗಳೂರು ಕಡೆ ಕೊಂಕಣಿ ಕ್ಯಾಥೊಲಿಕರ ಎಷ್ಟೋ ಮನೆಯ ಹಿರಿಯರು ಊರು ಬಿಟ್ಟು ಬಂದ ಕಾರಣಗಳಲ್ಲಿ ಅದೂ ಒಂದು. ಇವತ್ತಿಗೂ ಸಭೆಯೊಳಗೆ ಸಂಬಂಧ ನೋಡುವಾಗ ಜಾತಿ ಕೇಳೋವ್ರು ಇದಾರೆ. ಇದನ್ನೆಲ್ಲಾ ಅವನ ಬಾಯಿಂದ ಬರೋಕೆ ಕಾಯ್ಬೇಡ, ನೀನೇ ಹೇಳು.

ಹಾಗಾದ್ರೆ ಆ ಪುಟಗಳನ್ನ ಏನ್ ಮಾಡ್ಬೇಕು? ನಾನು ಯೇಸುವನ್ನ ಇಟ್ಕೊಂಡು ಓದ್ತೀನಿ. ಲೂಕ 9ರಲ್ಲಿ ಸಮಾರ್ಯದ ಹಳ್ಳಿಯವ್ರು ಜಾಗ ಕೊಡ್ಲಿಲ್ಲ ಅಂತ ಶಿಷ್ಯರಿಬ್ಬರು ಆಕಾಶದಿಂದ ಬೆಂಕಿ ಕರೀಲಾ ಅಂತಾರೆ, ಪ್ರವಾದಿ ಎಲೀಯ ಹಿಂದೆ ಹಂಗೇ ಮಾಡಿದ್ದ, ಅಂದ್ರೆ ಅವರ ಹತ್ರ ಶಾಸ್ತ್ರದ ಆಧಾರ ಇತ್ತು. ಯೇಸು ತಿರುಗಿ ಅವರನ್ನ ಗದರಿಸಿದ, ಆಮೇಲೆ ಬೇರೆ ಹಳ್ಳಿಗೆ ನಡೆದ್ರು. ಗದರಿಸಿಕೊಂಡವನ ಜಾಗದಲ್ಲಿ ನಿಂತು ನಾನು ಸಮುವೇಲನ ಆ ಅಧ್ಯಾಯ ಓದ್ತೀನಿ.

ಮೂರ್ನಾಲ್ಕು ತಿಂಗಳಾದ್ಮೇಲೆ ಗೆಳೆಯನಿಗೆ ಫೋನ್ ಮಾಡಿ ಹೇಳಿದೆ, ಇಲ್ಲ, ನಾನು ಕತ್ತಿ ಎತ್ತಲ್ಲ, ಅವತ್ತೇ ಹೇಳ್ಬೇಕಿತ್ತು. ಅವನು ಸ್ವಲ್ಪ ಹೊತ್ತು ಸುಮ್ನಿದ್ದು, ಹಂಗಾದ್ರೆ ಪುಸ್ತಕದ ಮೇಲೆ ನಿನ್ನ ಮನಸ್ಸಾಕ್ಷಿ ಕೂತಂಗಾಯ್ತಲ್ಲ ಅಂದ. ಮನಸ್ಸಾಕ್ಷಿ ಅಲ್ಲ, ಯೇಸು ಅಂದೆ. ಯಾವ ಯೇಸು, ನೀನು ಆರಿಸ್ಕೊಂಡವನಾ ಅಂದ. ಆ ಮಾತು ಇನ್ನೂ ಮುಗಿದಿಲ್ಲ. ಬರೋ ಭಾನುವಾರ ಆರಾಧನೆ ಮುಗಿಸ್ಕೊಂಡು ಅವನ ಮನೆಗೆ ಹೋಗ್ತಿದೀನಿ, ಲೂಕ 9 ಓದಿಟ್ಕೊಂಡಿರು ಅಂದಿದೀನಿ, ಮಗಳು ಈಗ ಒಂದನೇ ಕ್ಲಾಸು.