ಎರಡರಲ್ಲೂ ಓಡುವ ಕೋಡ್

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 3.0 ಆವೃತ್ತಿ ಬಿಡುಗಡೆಯಾದದ್ದು 2008ರ ಡಿಸೆಂಬರ್‌ನಲ್ಲಿ. ಪೈಥಾನ್ 2ಕ್ಕೆ ಬರೆದ ಕೋಡ್ ಸಾಮಾನ್ಯವಾಗಿ ಅದರಲ್ಲಿ ಹಾಗೆಯೇ ಓಡುತ್ತಿರಲಿಲ್ಲ. ಆ ಹಳೆಯ ಆವೃತ್ತಿಯ ಅಧಿಕೃತ ಬೆಂಬಲ ನಿಂತದ್ದು 2020ರ ಆರಂಭದಲ್ಲಿ. 2015ಕ್ಕೇ ಮುಗಿಯಬೇಕಿದ್ದ ಗಡುವನ್ನು ಐದು ವರ್ಷ ಮುಂದೂಡಬೇಕಾಯಿತು. ಇದಕ್ಕೆ ಬಳಕೆದಾರರ ಸೋಮಾರಿತನವೇ ಕಾರಣವೆನ್ನುವವರುಂಟು. ಹಳೆಯ ಕೋಡನ್ನು ಪೈಥಾನ್ 3ಕ್ಕೆ ದಾಟಿಸುವ ಕೆಲಸದಲ್ಲೇ ಹಲವು ವರ್ಷ ಕಳೆದ ನಾನು ಅದನ್ನು ಒಪ್ಪಲಾರೆ.

ಬದಲಾವಣೆಯೇನೋ ಬೇಕಿತ್ತು. ಬರಹವನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಕ್ರಮದ ಕಡತದಲ್ಲಿರುವ ‘ಕನ್ನಡ’ ಎಂಬ ಪದದ ಉದ್ದ ಕೇಳಿದರೆ ಪೈಥಾನ್ 2ರ ಸಾಮಾನ್ಯ ಸ್ಟ್ರಿಂಗ್ (ಪಠ್ಯವನ್ನು ಹಿಡಿದಿಡುವ ಮೌಲ್ಯ) ಬೈಟ್‌ಗಳನ್ನು ಎಣಿಸಿ 15 ಎನ್ನುತ್ತಿತ್ತು. ಪೈಥಾನ್ 3 ಯೂನಿಕೋಡ್ ಸಂಕೇತಗಳನ್ನು ಎಣಿಸಿ 5 ಎನ್ನುತ್ತದೆ. ಕಣ್ಣಿಗೆ ಕಾಣುವ ಅಕ್ಷರಗಳು ಮೂರೇ, ಆ ಮಾತು ಬೇರೆ.

ತೊಡಕಿದ್ದದ್ದು ದಾಟುವ ಕ್ರಮದಲ್ಲಿ. ಮೂಲ ಕೋಡನ್ನು ಪೈಥಾನ್ 2ರಲ್ಲಿಯೇ ಉಳಿಸಿಕೊಂಡು, ‘ಟು-ಟು-ತ್ರೀ’ ಎಂಬ ಪರಿವರ್ತಕದಿಂದ ಹೊಸ ರೂಪ ಪಡೆಯಬೇಕೆಂಬುದು ಆರಂಭದ ಸಲಹೆಯಾಗಿತ್ತು. ಆದರೆ ಲೈಬ್ರರಿ (ಇತರ ಪ್ರೋಗ್ರಾಮ್‌ಗಳು ಬಳಸುವ ಸಿದ್ಧ ಕೋಡ್) ಬರೆಯುವವರು ಹಳೆಯ ಬಳಕೆದಾರರನ್ನು ಕೈಬಿಡುವಂತಿರಲಿಲ್ಲ, ತಾವು ನೆಚ್ಚಿದ ಲೈಬ್ರರಿಗಳು ದಾಟುವವರೆಗೆ ಅಪ್ಲಿಕೇಶನ್ ಬರೆಯುವವರು ಅಲುಗಾಡುವಂತಿರಲಿಲ್ಲ. ಹೀಗೆ ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತರು. ಒಂದೇ ಕೋಡ್ ಎರಡೂ ಆವೃತ್ತಿಗಳಲ್ಲಿ ಓಡುವಂತೆ ಬರೆಯುವ ಪದ್ಧತಿ ಬೆಳೆದ ಮೇಲೆಯೇ ಗಂಟು ಸಡಿಲವಾಯಿತು. ‘ಸಿಕ್ಸ್’ ಎಂಬ ಪುಟ್ಟ ಲೈಬ್ರರಿ ಅದಕ್ಕೆ ನೆರವಾಯಿತು. ಎರಡು ಮೂರಲಿ ಆರು ಎಂಬ ಮಗ್ಗಿಯೇ ಅದರ ಹೆಸರಿನ ಗುಟ್ಟು. ಯೂನಿಕೋಡ್ ಸ್ಟ್ರಿಂಗ್ ಎಂದು ಗುರುತಿಸಲು ಪೈಥಾನ್ 2ರಲ್ಲಿ ಬಳಸುತ್ತಿದ್ದ, 3.0ರಲ್ಲಿ ತೆಗೆದುಹಾಕಿದ್ದ ‘ಯು’ ಪೂರ್ವಾಕ್ಷರವನ್ನು 2012ರಲ್ಲಿ 3.3 ಆವೃತ್ತಿಯೂ, ಬೈಟ್‌ಗಳಿಗೆ ಶೇಕಡಾ ಚಿಹ್ನೆಯಿಂದ ಮೌಲ್ಯಗಳನ್ನು ತುಂಬುವ ಫಾರ್ಮ್ಯಾಟಿಂಗನ್ನು 2015ರಲ್ಲಿ 3.5 ಆವೃತ್ತಿಯೂ ಮರಳಿ ತಂದವು. ಭಾಷೆಯ ಅಚ್ಚುಕಟ್ಟಿಗೆ ಇವು ಕುಂದೇ ಇರಬಹುದು, ಆದರೆ ನನ್ನ ಕೆಲಸವನ್ನು ಇವುಗಳಷ್ಟು ಹಗುರಗೊಳಿಸಿದ ನಿರ್ಧಾರ ಇನ್ನೊಂದಿಲ್ಲ.

ತೆರೆಯ ಮೇಲೆ ಪಠ್ಯ ಮೂಡಿಸುವ ಪ್ರಿಂಟ್‌ಗೆ ಪೈಥಾನ್ 3ರಲ್ಲಿ ಆವರಣ ಚಿಹ್ನೆ ಕಡ್ಡಾಯವಾದದ್ದಕ್ಕೆ ಎದ್ದ ಗದ್ದಲ ಅತಿಯಾಯಿತು. ಆ ತಪ್ಪು ಪ್ರೋಗ್ರಾಮ್ ಓಡುವ ಮೊದಲೇ ಸಿಕ್ಕಿಬೀಳುತ್ತದೆ. ಕಾಡುವುದು ಸದ್ದಿಲ್ಲದ ಬದಲಾವಣೆ. ಬೈನರಿ ಕಡತದ ಮೊದಲ ನಾಲ್ಕು ಬೈಟ್‌ಗಳನ್ನು ಓದಿ, ಒಂದು ಸ್ಟ್ರಿಂಗ್‌ಗೆ ಹೋಲಿಸಿ, ಕಡತ ಸರಿಯಾದದ್ದೇ ಎಂದು ನಿರ್ಧರಿಸುವ ಸಾಲೊಂದು ನನ್ನ ಎರಡು ದಿನಗಳನ್ನು ನುಂಗಿತು. ಪೈಥಾನ್ 3ರಲ್ಲಿ ಬೈಟ್‌ಗಳೂ ಸ್ಟ್ರಿಂಗೂ ಎಂದಿಗೂ ಸಮವಾಗುವುದಿಲ್ಲವಾದ್ದರಿಂದ, ಯಾವ ಎರರ್ ಕೂಡ ಬಾರದೆ, ಒಳ್ಳೆಯ ಕಡತಗಳೆಲ್ಲ ಅಮಾನ್ಯವೆಂದು ಬದಿಗೆ ಸರಿಯುತ್ತಿದ್ದವು. ಕೋಡನ್ನು ಓಡಿಸುವ ಇಂಟರ್‌ಪ್ರಿಟರನ್ನು ‘ಬಿಬಿ’ ಆಯ್ಕೆಯೊಂದಿಗೆ ಓಡಿಸಿದರೆ ಇಂಥ ಹೋಲಿಕೆ ಎದುರಾದ ಕೂಡಲೇ ಎರರ್ ಕೊಟ್ಟು ನಿಲ್ಲುತ್ತದೆ ಎಂದು ನನಗೆ ತಿಳಿದದ್ದು ಆಮೇಲೆ. ಅಂದಿನಿಂದ ದಾಟಿಸುವ ಯಾವ ಕೋಡಿನ ಪರೀಕ್ಷೆಯನ್ನೂ ಆ ಆಯ್ಕೆಯಿಲ್ಲದೆ ಓಡಿಸಿಲ್ಲ.