ಬಿಷಪ್ ತಪ್ಪು ಬೋಧಿಸಿದರೆ ಪದವಿ ತಾನಾಗಿ ಹೋಗುತ್ತದೆಯೇ?

ಪ್ರಶ್ನೆ: ಕಥೋಲಿಕ ವಿಶ್ವಾಸದ ಸತ್ಯವೊಂದನ್ನು ಒಬ್ಬ ಫಾದರ್ ಅಥವಾ ಬಿಷಪ್ ಅಲ್ಲಗಳೆದರೆ ಆ ಕ್ಷಣವೇ ಅವರ ಪದವಿ ಹೋಗುತ್ತದೆ, ಆಮೇಲೆ ಅವರ ಮಾತು ಕೇಳಬೇಕಾಗಿಲ್ಲ ಎಂದು ವಿಡಿಯೋ ಒಂದರಲ್ಲಿ ಹೇಳುತ್ತಿದ್ದರು. ಇದು ನಿಜವೇ? ನಿಜವಾದರೆ ಅಂಥವರ ಹತ್ತಿರ ಮಾಡಿದ ಪಾಪನಿವೇದನೆ, ಅವರು ನಡೆಸಿಕೊಟ್ಟ ಮದುವೆ, ಇವುಗಳ ಗತಿ ಏನು?

ಉತ್ತರ: ಪದವಿ ಹೋಗುತ್ತದೆ ಎನ್ನುವುದು ನಿಜ. ಆದರೆ ಹೋಗಿದೆ ಎಂದು ಸಾರಬೇಕಾದವರು ನೀವಲ್ಲ, ನಾನಲ್ಲ, ವಿಡಿಯೋ ಮಾಡಿದವರೂ ಅಲ್ಲ. ಧರ್ಮಸಭೆಯ ಕಾನೂನು ಈ ಎರಡು ಮಾತನ್ನೂ ಒಂದೇ ವಿಧಿಯಲ್ಲಿ, ಒಂದರ ಕೆಳಗೆ ಒಂದಾಗಿ ಇಟ್ಟಿದೆ. ವಿಡಿಯೋಗಳಲ್ಲಿ ಮೇಲಿನದನ್ನು ಓದಿ ಕೆಳಗಿನದನ್ನು ಬಿಟ್ಟುಬಿಡುತ್ತಾರೆ.

ಆ ವಿಧಿ 1983ರ ಕಾನೂನು ಸಂಹಿತೆಯ 194ನೆಯದು. ಮೂರು ಬಗೆಯವರನ್ನು ಕಾನೂನೇ ಪದವಿಯಿಂದ ಇಳಿಸುತ್ತದೆ ಎಂದು ಅದರ ಮೊದಲ ಖಂಡ ಹೇಳುತ್ತದೆ: ಯಾಜಕ ಸ್ಥಾನಮಾನ ಕಳೆದುಕೊಂಡವರು, ಕಥೋಲಿಕ ವಿಶ್ವಾಸವನ್ನೋ ಧರ್ಮಸಭೆಯ ಅನ್ಯೋನ್ಯತೆಯನ್ನೋ ಬಹಿರಂಗವಾಗಿ ತೊರೆದವರು, ಮದುವೆಗೆ ಕೈಹಾಕಿದ ಯಾಜಕರು, ಅದು ಬರೀ ರಿಜಿಸ್ಟರ್ ಮದುವೆಯಾದರೂ ಸರಿ. ಎರಡನೇ ಖಂಡ ಒಂದೇ ವಾಕ್ಯದ್ದು. ಕೊನೆಯ ಎರಡು ಬಗೆಯವರ ವಿಷಯದಲ್ಲಿ, ಅಧಿಕಾರವುಳ್ಳವರು ಘೋಷಣೆ ಮಾಡಿ ಅದನ್ನು ಖಚಿತಪಡಿಸಿದ ಮೇಲೆಯೇ ಇಳಿಸಿದ್ದನ್ನು ಜಾರಿಗೆ ತರಲು ಬರುತ್ತದೆ. ಬೆಳ್ತಂಗಡಿ, ಭದ್ರಾವತಿ, ಮಂಡ್ಯದ ಸೀರೋ-ಮಲಬಾರ್ ಧರ್ಮಪ್ರಾಂತ್ಯದವರಿಗೆ ಅನ್ವಯಿಸುವುದು ಪೂರ್ವದ ಸಂಪ್ರದಾಯದ ಕಥೋಲಿಕ ಸಭೆಗಳಿಗೆಂದೇ ಇರುವ 1990ರ ಪೌರ್ವಾತ್ಯ ಸಂಹಿತೆ. ಅದರ 976ನೇ ವಿಧಿ ಹೇಳುವುದೂ ಇದನ್ನೇ.

ಇನ್ನು ವಿಶ್ವಾಸದ ಸತ್ಯವನ್ನು ಅಲ್ಲಗಳೆಯುವುದಕ್ಕೆ ಬಳಸುವ ಪಾಷಂಡವಾದ ಎಂಬ ಪದ. ಕನ್ನಡದಲ್ಲಿ ಪಾಷಂಡಿ ಅನ್ನುವುದು ಬೈಗುಳದ ಹಾಗೆ ಓಡಾಡುತ್ತದೆ, ಕಾನೂನಿನಲ್ಲಿ ಅದಕ್ಕೆ ಬಿಗಿಯಾದ ಅರ್ಥವಿದೆ. ದೇವರು ಪ್ರಕಟಿಸಿದ್ದು, ನಂಬಲೇಬೇಕಾದದ್ದು ಎಂದು ಧರ್ಮಸಭೆ ಬೋಧಿಸುವ ಸತ್ಯವೊಂದನ್ನು ದೀಕ್ಷಾಸ್ನಾನ ಪಡೆದವರು ಹಟ ಹಿಡಿದು ನಿರಾಕರಿಸುವುದು, ಇಲ್ಲವೇ ಹಟ ಹಿಡಿದು ಶಂಕಿಸುವುದು. 751ನೇ ವಿಧಿಯ ತಾತ್ಪರ್ಯ ಇಷ್ಟು. ಇಲ್ಲಿ ಮುಖ್ಯವಾದದ್ದು ‘ಹಟ’. ಭಾನುವಾರದ ಪ್ರಬೋಧನೆಯಲ್ಲಿ ಬಾಯಿ ತಪ್ಪಿ ಬಂದ ಒಂದು ವಾಕ್ಯ ಪಾಷಂಡವಾದ ಆಗುವುದಿಲ್ಲ. ಪೂಜೆಯ ಭಾಷೆ, ಗಿಟಾರು, ಮೆರವಣಿಗೆ, ಪೋಪರ ಒಂದು ಸಂದರ್ಶನ, ಇವುಗಳ ಬಗ್ಗೆ ಬೇರೆ ಅಭಿಪ್ರಾಯ ಇಟ್ಟುಕೊಂಡರೂ ಆಗುವುದಿಲ್ಲ. ಹಟ ಇದೆಯೋ ಇಲ್ಲವೋ ಗೊತ್ತಾಗಬೇಕಾದರೆ ಯಾರಾದರೂ ಆ ಮನುಷ್ಯನನ್ನು ಕೂರಿಸಿಕೊಂಡು, ‘ನೀವು ಹೀಗೆ ಹೇಳಿದ್ದು ಹೌದೇ? ತಪ್ಪು ಅಂತ ತೋರಿಸಿದರೆ ತಿದ್ದಿಕೊಳ್ಳುತ್ತೀರಾ?’ ಎಂದು ಕೇಳಬೇಕು. ಕೇಳುವ ಅಧಿಕಾರ ಇರುವವರು ಕೇಳಬೇಕು: ಗುರುಗಳ, ಅಂದರೆ ಫಾದರ್‌ಗಳ, ವಿಷಯದಲ್ಲಿ ಬಿಷಪ್, ಬಿಷಪರ ವಿಷಯದಲ್ಲಿ ರೋಮ್.

ಇದೆಲ್ಲ ಬರೀ ಕಾಗದದ ಲೆಕ್ಕಾಚಾರ ಎಂದು ನಿಮಗೆ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ನೆಸ್ತೋರಿಯನ ಕಥೆಯನ್ನು ತಾರೀಖು ಹಿಡಿದು ಓದಿದ ಮೇಲೆ ಹಾಗೆ ಅನ್ನಿಸಲಿಲ್ಲ.

428ರ ಏಪ್ರಿಲ್‌ನಲ್ಲಿ ನೆಸ್ತೋರಿಯ ಕಾನ್‌ಸ್ಟಾಂಟಿನೋಪಲಿನ ಬಿಷಪ್ ಆದ. ಚಕ್ರವರ್ತಿಯ ಊರು, ದೊಡ್ಡ ಪೀಠ. ಸ್ವಲ್ಪ ದಿನಕ್ಕೇ ಅವನ ಜೊತೆಗಿದ್ದ ಅನಸ್ತಾಸಿಯ ಎಂಬ ಗುರು, ಮರಿಯಮ್ಮನವರನ್ನು ಯಾರೂ ‘ದೇವಮಾತೆ’ ಅನ್ನಕೂಡದು ಎಂದು ಬೋಧಿಸಿದ. ನಾವು ಜಪಸರದ ಮಣಿ ಹಿಡಿದು ಹೇಳಿಕೊಳ್ಳುವ ಅದೇ ಮಾತು. ನೆಸ್ತೋರಿಯ ಅವನನ್ನು ತಿದ್ದಲಿಲ್ಲ, ಬೆನ್ನಿಗೆ ನಿಂತ. ಯೂಸೇಬಿಯಸ್ ಎಂಬ ವಕೀಲನೊಬ್ಬ, ಆಗಿನ್ನೂ ಸಾಮಾನ್ಯ ವಿಶ್ವಾಸಿ, ಜನರ ನಡುವಿನಿಂದಲೇ ಎದ್ದು ಪ್ರತಿಭಟಿಸಿದ. ನೆಸ್ತೋರಿಯನ ಮಾತುಗಳನ್ನೂ, ಅದಕ್ಕೂ ಸುಮಾರು 160 ವರ್ಷ ಹಿಂದೆ ಪದಚ್ಯುತನಾಗಿದ್ದ ಅಂತಿಯೋಕ್ಯದ ಬಿಷಪ್ ಸಮೋಸತದ ಪೌಲನ ಮಾತುಗಳನ್ನೂ ಅಕ್ಕಪಕ್ಕ ಬರೆದ ಪ್ರತಿಭಟನಾ ಪತ್ರವೊಂದು ಊರಲ್ಲಿ ಹರಡಿತು. ಅದನ್ನು ಬರೆದವನೂ ಇವನೇ ಎನ್ನುತ್ತಾರೆ. ನೋಡಿ, ಇಬ್ಬರೂ ಹೇಳುವುದು ಒಂದೇ, ಎಂಬ ವಾದ. ಆ ಹಾಳೆಯಲ್ಲಿ ತೀರ್ಪಿಲ್ಲ. ಸಾಕ್ಷಿ ಇದೆ, ದೂರು ಇದೆ.

ಪ್ರತಿಭಟಿಸಿದವರಿಗೆ ನೆಸ್ತೋರಿಯ ಬಹಿಷ್ಕಾರ ಹಾಕತೊಡಗಿದ. ಅಲೆಕ್ಸಾಂದ್ರಿಯದ ಬಿಷಪ್ ಸಿರಿಲ್ ಈ ವಿಷಯವನ್ನು ರೋಮಿಗೆ ಬರೆದರು. 430ರ ಆಗಸ್ಟ್‌ನಲ್ಲಿ ಪೋಪ್ ಮೊದಲನೆಯ ಸೆಲೆಸ್ಟೀನ್ ರೋಮಿನಲ್ಲಿ ಸಭೆ ಕೂಡಿಸಿ ಎರಡು ಕೆಲಸ ಮಾಡಿದರು. ಪತ್ರ ತಲುಪಿದ ಹತ್ತು ದಿನದೊಳಗೆ ತಪ್ಪೊಪ್ಪಿಕೊಂಡು ತಿದ್ದಿಕೋ ಎಂದು ನೆಸ್ತೋರಿಯನಿಗೆ ಹೇಳಿ ಕಳಿಸಿದರು. ಆ ಊರಿನ ಗುರುಗಳಿಗೂ ಜನರಿಗೂ ಇನ್ನೊಂದು ಪತ್ರ ಬರೆದರು: ನೆಸ್ತೋರಿಯ ಹೀಗೆ ಬೋಧಿಸಲು ಶುರು ಮಾಡಿದಂದಿನಿಂದ ಅವನು ಯಾರನ್ನು ಬಹಿಷ್ಕರಿಸಿದ್ದಾನೋ, ಯಾರ ಪದವಿ ಕಿತ್ತುಕೊಂಡಿದ್ದಾನೋ, ಅದು ನಮ್ಮ ಲೆಕ್ಕಕ್ಕೆ ಇಲ್ಲ.

ನನಗೆ ಇಡೀ ಪ್ರಶ್ನೆಯ ತಿರುಳು ಈ ಎರಡು ಪತ್ರಗಳಲ್ಲೇ ಕಾಣುತ್ತದೆ. ಜನರಿಗೆ ಬರೆದದ್ದನ್ನು ಓದಿದರೆ, ಬೋಧನೆ ಕೆಟ್ಟ ದಿನವೇ ಅಧಿಕಾರದ ಬೇರು ಒಣಗಿತು ಅನ್ನಿಸುತ್ತದೆ. ನೆಸ್ತೋರಿಯನಿಗೆ ಬರೆದದ್ದನ್ನು ಓದಿದರೆ, ಅವನಿಗೆ ಇನ್ನೂ ಹತ್ತು ದಿನ ಇದೆ. ವಿಶ್ವಾಸ ಉಳಿಸಿಕೊಂಡದ್ದಕ್ಕೆ ಪೆಟ್ಟು ತಿಂದವರ ರಕ್ಷಣೆಗೆ ಒಂದು, ತಪ್ಪಿದವನು ಹಿಂದಿರುಗಲಿ ಎಂದು ಇನ್ನೊಂದು. ಅವನು ಹಿಂದಿರುಗಲಿಲ್ಲ. 431ರ ಜೂನ್ 22ರಂದು ಎಫೆಸದ ಮಹಾಸಭೆಯಲ್ಲಿ ಸುಮಾರು 200 ಬಿಷಪರು ಸೇರಿ, ಕರೆ ಕಳಿಸಿದರೂ ಅವನು ಬಾರದೆ ಇದ್ದಾಗ, ಅವನ ಬಿಷಪ್ ಪದವಿ ತೆಗೆದುಹಾಕಿದರು. ಬೆಳಗಿನಿಂದ ಕಾದಿದ್ದ ಊರಿನವರು ರಾತ್ರಿ ಪಂಜು ಹಿಡಿದು ಬಿಷಪರನ್ನು ಅವರ ಬಿಡಾರಗಳಿಗೆ ಕರೆದೊಯ್ದರು, ಹೆಂಗಸರು ಧೂಪ ಹಿಡಿದು ಮುಂದೆ ನಡೆದರು ಎಂದು ಸಿರಿಲ್ ತಮ್ಮ ಊರಿಗೆ ಬರೆದ ಪತ್ರದಲ್ಲಿದೆ.

ಘೋಷಣೆಯಾದರೂ ಜಗ್ಗದವರು ಇದ್ದರು. ಸಮೋಸತದ ಪೌಲ ಪದಚ್ಯುತನಾದ ಮೇಲೂ ಚರ್ಚಿನ ಮನೆ ಬಿಟ್ಟುಕೊಡಲಿಲ್ಲ. ಕೊನೆಗೆ ಕ್ರೈಸ್ತನೇ ಅಲ್ಲದ ಚಕ್ರವರ್ತಿ ಔರೇಲಿಯನ್ ತೀರ್ಮಾನ ಮಾಡಬೇಕಾಯಿತು: ಇಟಲಿಯ ಮತ್ತು ರೋಮಿನ ಬಿಷಪರು ಯಾರೊಂದಿಗೆ ಪತ್ರವ್ಯವಹಾರ ಇಟ್ಟುಕೊಂಡಿದ್ದಾರೋ ಮನೆ ಅವರದು. ಫ್ರಾನ್ಸಿನ ಕಾರ್ಡಿನಲ್ ಒದೆ ದ ಕೊಲಿಞಿ ಕ್ಯಾಲ್ವಿನ್‌ನ ಪ್ರೊಟೆಸ್ಟೆಂಟ್ ಪಂಥ ಹಿಡಿದಾಗ 1563ರಲ್ಲಿ ಪೋಪ್ ನಾಲ್ಕನೆಯ ಪಿಯುಸ್ ಅವನ ಪದವಿಗಳನ್ನು ಕಿತ್ತುಕೊಂಡರು. ಮರುವರ್ಷ ಅವನು ಮದುವೆಯಾದ, ಅದೂ ಕಾರ್ಡಿನಲರ ಕೆಂಪು ನಿಲುವಂಗಿಯಲ್ಲೇ.

ಹಾಗಾದರೆ ‘ತಾನಾಗಿಯೇ ಹೋಗುತ್ತದೆ’ ಎಂಬ ವಾದ ಎಲ್ಲಿಂದ ಬಂತು? ಅದು ಗಾಳಿಯಲ್ಲಿ ಹುಟ್ಟಿದ್ದಲ್ಲ. 1917ರ ಹಳೆಯ ಸಂಹಿತೆಯ 188ನೇ ವಿಧಿಯಲ್ಲಿ, ಬಹಿರಂಗವಾಗಿ ವಿಶ್ವಾಸ ತೊರೆದವನು ಮೌನವಾಗಿ ರಾಜೀನಾಮೆ ಕೊಟ್ಟಂತೆ, ಯಾವ ಘೋಷಣೆಯೂ ಇಲ್ಲದೆ ಪದವಿ ಖಾಲಿಯಾಗುತ್ತದೆ ಎಂದೇ ಇತ್ತು. ವಿಡಿಯೋಗಳು ಎತ್ತಿ ಹಿಡಿಯುವುದು ಇದನ್ನೇ. 1958ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ತೀರಿಕೊಂಡ ಮೇಲೆ ಪೋಪರ ಪೀಠವೇ ಖಾಲಿ ಎನ್ನುವ ಗುಂಪುಗಳಿಗೂ ಇದು ಮುಖ್ಯ ಆಧಾರ. ಆದರೆ 1983ರ ಸಂಹಿತೆ ಬಂದ ದಿನ ಹಳೆಯದು ರದ್ದಾಯಿತು. ರದ್ದಾದ ವಿಧಿಯನ್ನು ಹಿಡಿದುಕೊಂಡು ಈಗ ಇರುವವರನ್ನು ಪದವಿಯಿಂದ ಇಳಿಸಲು ಆಗದು. ಘೋಷಣೆ ಬೇಕು ಎಂದು ಕಾನೂನು ಬದಲಾದದ್ದು ಒಳ್ಳೆಯದೇ ಆಯಿತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಲ್ಲವಾದರೆ ಒಂದೇ ಧರ್ಮಕೇಂದ್ರದಲ್ಲಿ ಅರ್ಧ ಜನಕ್ಕೆ ಗುರುಗಳು ಇರುತ್ತಾರೆ, ಅರ್ಧ ಜನಕ್ಕೆ ಇರುವುದಿಲ್ಲ.

ಪೋಪರೇ ಪಾಷಂಡಿಯಾದರೆ? ದೇವಶಾಸ್ತ್ರಜ್ಞ ಕಾರ್ಡಿನಲ್ ಸಂತ ರಾಬರ್ಟ್ ಬೆಲ್ಲಾರ್ಮಿನ್ ಐದು ಅಭಿಪ್ರಾಯಗಳನ್ನು ತೂಗಿ ನೋಡಿ, ಬಹಿರಂಗವಾಗಿ ಪಾಷಂಡಿಯಾದವನು ತಾನಾಗಿಯೇ ಪೋಪ್ ಅಲ್ಲದವನಾಗುತ್ತಾನೆ ಎಂದರು. ಸೆಲೆಸ್ಟೀನರ ಪತ್ರ ಅವರ ಆಧಾರಗಳಲ್ಲಿ ಒಂದು. ಅವರಿಗಿಂತ ಹಿಂದಿನ ದೇವಶಾಸ್ತ್ರಜ್ಞ ಕಯೆತಾನ್, ಧರ್ಮಸಭೆ ಮುಂದೆ ಬಂದು ಪದಚ್ಯುತಿ ನಡೆಸದೆ ಹೋಗದು ಎಂದಿದ್ದರು. ಇದು ಪಂಡಿತರ ಚರ್ಚೆಯಾಗಿಯೇ ಉಳಿದಿದೆ. ಕಾನೂನಿನಲ್ಲಿ ಇರುವುದು ಇಷ್ಟೇ: ರೋಮಿನ ಪೀಠದ ಮೇಲೆ ಯಾರೂ ತೀರ್ಪು ಕೊಡಲು ಬರುವುದಿಲ್ಲ (ವಿಧಿ 1404). 681ರಲ್ಲಿ ಮುಗಿದ ಮಹಾಸಭೆ ಪೋಪ್ ಹೊನೋರಿಯಸರನ್ನು ಖಂಡಿಸಿತು ನಿಜ, ಆದರೆ ಅವರು 638ರಲ್ಲೇ ತೀರಿಕೊಂಡಿದ್ದರು. ಬದುಕಿದ್ದಷ್ಟು ದಿನ ಪೋಪರಾಗಿಯೇ ಇದ್ದರು.

ನಮ್ಮ ಕಾಲದ, ನಮ್ಮ ನೆರೆಯ ಒಂದು ಪ್ರಕರಣ ನೋಡಿ. ಶ್ರೀಲಂಕಾದ ಗುರು, ದೇವಶಾಸ್ತ್ರಜ್ಞ ತಿಸ್ಸ ಬಾಲಸೂರಿಯರ ಬರಹಗಳ ಬಗ್ಗೆ ವರ್ಷಗಟ್ಟಲೆ ಪತ್ರವ್ಯವಹಾರ ನಡೆದ ಮೇಲೆ, 1997ರ ಜನವರಿಯಲ್ಲಿ ರೋಮ್ ಅವರು ಬಹಿಷ್ಕಾರಕ್ಕೆ ಒಳಗಾಗಿದ್ದಾರೆ ಎಂದು ಘೋಷಿಸಿತು. ಮುಂದಿನ ವರ್ಷದ ಜನವರಿಯಲ್ಲಿ ಅದನ್ನು ತೆಗೆಯಲಾಯಿತು. ಸ್ವಿಟ್ಜರ್ಲೆಂಡಿನ ಗುರು, ದೇವಶಾಸ್ತ್ರಜ್ಞ ಹಾನ್ಸ್ ಕ್ಯೂಂಗರದು ಇನ್ನೊಂದು ಬಗೆ: 1979ರಲ್ಲಿ ಕಥೋಲಿಕ ದೇವಶಾಸ್ತ್ರ ಕಲಿಸುವ ಅನುಮತಿ ಹೋಯಿತು, ಬಹಿಷ್ಕಾರ ಬರಲಿಲ್ಲ, 2021ರಲ್ಲಿ ಸಾಯುವವರೆಗೂ ಗುರುಗಳಾಗಿಯೇ ಇದ್ದರು. ಅನುಮತಿ ಬೇರೆ, ಪದವಿ ಬೇರೆ, ಗುರುದೀಕ್ಷೆ ಬೇರೆ. ಮೊದಲೆರಡು ಹೋಗಬಹುದು. ಒಮ್ಮೆ ಸರಿಯಾಗಿ ಪಡೆದ ಗುರುದೀಕ್ಷೆ ಅಳಿಯುವುದಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಇದೇ ದಾರಿ. ನಾಲ್ಕನೇ ಶತಮಾನದಲ್ಲಿ ಆಫ್ರಿಕಾದ ದೊನಾತಿಸ್ಟರು, ಹಿಂಸೆಗೆ ಹೆದರಿ ಪವಿತ್ರ ಗ್ರಂಥ ಒಪ್ಪಿಸಿದ ಬಿಷಪರು ಕೊಡುವ ಸಂಸ್ಕಾರ ಸಂಸ್ಕಾರವೇ ಅಲ್ಲ ಎಂದು ಬೇರೆಯಾದರು. ಸಂತ ಅಗಸ್ಟೀನರು ವರ್ಷಾನುಗಟ್ಟಲೆ ಅವರಿಗೆ ಕೊಟ್ಟ ಉತ್ತರ, ಸಂಸ್ಕಾರ ಕ್ರಿಸ್ತನದು, ಕೊಡುವವನ ಸ್ವತ್ತಲ್ಲ ಎಂಬುದು. ಪಾಪನಿವೇದನೆಗೂ ಮದುವೆಗೂ ಗುರುದೀಕ್ಷೆಯ ಜೊತೆಗೆ ಅಧಿಕಾರವೂ ಬೇಕು ನಿಜ. ಆದರೆ ಜನ ಪ್ರಾಮಾಣಿಕವಾಗಿ ‘ಇವರಿಗೆ ಅಧಿಕಾರ ಇದೆ’ ಎಂದು ನಂಬಿ ಬಂದಾಗ, ಇಲ್ಲದ ಅಧಿಕಾರವನ್ನು ಧರ್ಮಸಭೆಯೇ ತುಂಬಿಕೊಡುತ್ತದೆ ಎಂದು 144ನೇ ವಿಧಿ ಹೇಳುತ್ತದೆ. ಬಹಿಷ್ಕಾರ ಘೋಷಣೆಯಾದ ಮೇಲೆ ಮಾತ್ರ ಆ ವ್ಯಕ್ತಿಯ ಆಡಳಿತದ ಕ್ರಿಯೆಗಳು ಅಸಿಂಧುವಾಗುತ್ತವೆ. ಆದ್ದರಿಂದ ಹಳೆಯ ಪಾಪನಿವೇದನೆಯನ್ನು ಮತ್ತೆ ಮಾಡಬೇಕೇ, ಮದುವೆ ನಿಂತಿದೆಯೇ ಎಂದು ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ.

ನೀವು ಕೇಳಿದ ಬೋಧನೆ ನಿಜಕ್ಕೂ ತಪ್ಪು ಅನ್ನಿಸಿದರೆ ಸುಮ್ಮನಿರಬೇಕಾಗಿಲ್ಲ. ವಿಶ್ವಾಸಿಗಳು ತಮ್ಮ ಅಭಿಪ್ರಾಯವನ್ನು ಧರ್ಮಪಾಲಕರಿಗೆ ತಿಳಿಸುವುದು ಹಕ್ಕು, ಕೆಲವು ಸಲ ಕರ್ತವ್ಯ ಕೂಡ ಎಂದು 212ನೇ ವಿಧಿಯಲ್ಲಿದೆ. ಯಾವ ದಿನ, ಯಾವ ಪೂಜೆಯಲ್ಲಿ, ಯಾವ ಮಾತು ಎಂಬುದನ್ನು ಕೇಳಿದ ಹಾಗೇ ಬರೆಯಿರಿ. ಮೊದಲು ಆ ಗುರುಗಳನ್ನೇ ಭೇಟಿಯಾಗಿ ಕೇಳಿ, ‘ಫಾದರ್, ನಾನು ಅರ್ಥ ಮಾಡಿಕೊಂಡದ್ದು ಸರಿಯೇ?’ ಅಂತ. ಉತ್ತರ ಸಮಾಧಾನ ಕೊಡದಿದ್ದರೆ ಆ ಹಾಳೆಗೆ ನಿಮ್ಮ ಹೆಸರು, ಸಹಿ ಹಾಕಿ ಬಿಷಪರ ಕಚೇರಿಗೆ ಕಳಿಸಿ.